ಸೋಮೇಶ್ವರ ಕಾಡಿನ ಗಿಡಮರಗಳನ್ನು ವರ್ಷವಿಡೀ ನೋಡುವುದು ಹೇಗೆ: ಮೊದಲು ನೆಲ ನೋಡಿ

ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತಿ, ಮಂಜಿನಲ್ಲಿ ನಾಲ್ಕು ಫೋಟೋ ತೆಗೆದು, ಮೇಲೆ ಬಿಸಿ ಚಾ ಕುಡಿದು ಇಳಿಯುವವರು ಉಡುಪಿ, ಮಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೇನೂ ತಪ್ಪಲ್ಲ. ಆದರೆ ಹೆಬ್ರಿ ದಾಟಿದ ಮೇಲೆ ಆ ರಸ್ತೆ ಹೋಗುವುದು ಸೋಮೇಶ್ವರ ವನ್ಯಜೀವಿ ಅಭಯಾರಣ್ಯದ ಒಳಗೇ. 1974ರಲ್ಲಿ ಅಭಯಾರಣ್ಯವಾದ ಕಾಡು ಅದು. ನಡುವೆ ಸೀತಾನದಿ, ಕೆಳಗೆ ಎಲೆ ಉದುರುವ ಮರಗಳು, ಮೇಲೆ ಹೋದಂತೆ ನಿತ್ಯಹಸಿರು ಕಾಡು, ತುದಿಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆ. ಉಡುಪಿಯಿಂದ ಹೆಬ್ರಿಗೆ 30 ಚಿಲ್ಲರೆ ಕಿಲೋಮೀಟರ್ ಅಷ್ಟೇ. ಇಷ್ಟು ಹತ್ತಿರ ಇಟ್ಟುಕೊಂಡು ವರ್ಷಕ್ಕೊಮ್ಮೆ ಮಾತ್ರ ನೋಡುವುದು ನಷ್ಟ.

"ಕಾಡು ಯಾವಾಗಲೂ ಹಸಿರೇ ಅಲ್ವಾ, ಅದರಲ್ಲಿ ಬದಲಾಗುವುದು ಏನು?" ಎಂದು ಕೇಳುವವರಿಗೇ ಇದನ್ನು ಬರೆಯುತ್ತಿದ್ದೇನೆ. ಬದಲಾಗುವುದು ತುಂಬಾ ಇದೆ. ಎಲ್ಲ ಮರ ಒಟ್ಟಿಗೆ ಬದಲಾಗುವುದಿಲ್ಲ, ಮತ್ತು ಹೆಚ್ಚಿನದ್ದು ನಮ್ಮ ತಲೆಯ ಮೇಲೆ 30 ಮೀಟರ್ ಎತ್ತರದಲ್ಲಿ ನಡೆಯುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಉಪಾಯ ಸುಲಭ. ಕೆಲವೇ ಮರ ಆರಿಸಿಕೊಳ್ಳಿ, ಅವುಗಳ ಹತ್ತಿರವೇ ಮತ್ತೆ ಮತ್ತೆ ಹೋಗಿ, ಹೋದಾಗ ಮೊದಲು ನೆಲ ನೋಡಿ.

ಹೊರಡುವ ಮುಂಚೆ

ಸೀದಾ ಕಾಡಿಗೆ ಹೋದರೆ ಎಲ್ಲವೂ ಒಂದೇ ತರಹ ಕಾಣುತ್ತದೆ, ಬೇಜಾರಾಗಿ ವಾಪಸ್ ಬರುತ್ತೀರಿ. ಮಂಗಳೂರಿನವರು ಮೊದಲು ಪಿಲಿಕುಳದ ಸಸ್ಯೋದ್ಯಾನಕ್ಕೆ ಹೋಗಿ. ಮೃಗಾಲಯ ನೋಡಲು ಹೋದವರು ಅದನ್ನು ಬಿಟ್ಟು ಬರುವುದೇ ಜಾಸ್ತಿ. ಪಶ್ಚಿಮ ಘಟ್ಟದ ಮರಗಳನ್ನು ಅಲ್ಲಿ ಹೆಸರಿನ ಫಲಕದ ಸಮೇತ ಬೆಳೆಸಿದ್ದಾರೆ. ಉಡುಪಿ ಕಡೆಯವರಿಗೆ ಇನ್ನೂ ಹತ್ತಿರದ ಜಾಗ ಊರಿನ ನಾಗಬನ. ಕಾಂಕ್ರೀಟ್ ಹಾಕಿ, ಟೈಲ್ಸ್ ಕೂರಿಸಿ, ಕಲ್ಲಿನ ಕಟ್ಟೆ ಮಾತ್ರ ಉಳಿಸಿದ ಬನದ ಬಗ್ಗೆ ಹೇಳುತ್ತಿಲ್ಲ (ಅಂಥವು ಈಗ ಜಾಸ್ತಿ ಆಗುತ್ತಿವೆ, ನಾಗನಿಗೆ ಅದು ಇಷ್ಟವೋ ಇಲ್ಲವೋ ಯಾರೂ ಕೇಳಿದ ಹಾಗಿಲ್ಲ). ಬಳ್ಳಿ, ಬೆತ್ತ, ಮರ ಎಲ್ಲ ಬಿಟ್ಟ ಹಾಗೇ ಇರುವ ಹಳೆಯ ಬನ ನೋಡಿ. ರೆಂಜೆ, ಸುರಗಿ, ಧೂಪ, ಹಾಲೆ, ಹೆಬ್ಬಲಸು ಇವುಗಳಲ್ಲಿ ಒಂದೆರಡಾದರೂ ಇರುತ್ತವೆ. ಬನದ ಮನೆಯವರನ್ನು ಕೇಳಿ, ಹೊರಗಿನಿಂದಲೇ ನೋಡಿ. ಹೆಸರು ಗೊತ್ತಿರುವ ಅಜ್ಜ, ಅಜ್ಜಿ ಇದ್ದರೆ ಪುಸ್ತಕಕ್ಕಿಂತ ಬೇಗ ಕಲಿಯಬಹುದು.

ಇನ್ನೊಂದು ಪಾಠವನ್ನು ಮನೆಯ ಹತ್ತಿರವೇ ಮುಗಿಸಿಕೊಳ್ಳಿ: ಯಾವುದು ಇಲ್ಲಿನದು, ಯಾವುದು ಹೊರಗಿನದು. ಮೇ ತಿಂಗಳಲ್ಲಿ ಕೆಂಪಾಗಿ ನಿಲ್ಲುವ ಗುಲ್‌ಮೊಹರ್ ಮಡಗಾಸ್ಕರ್‌ನದು. ರಸ್ತೆ ಬದಿಯ ಅಕೇಶಿಯಾ ಆಸ್ಟ್ರೇಲಿಯಾ ಕಡೆಯದು. ನಮ್ಮ ಗೇರು ಮರವೇ ಬ್ರೆಜಿಲ್‌ನಿಂದ ಪೋರ್ಚುಗೀಸರ ಜೊತೆ ಬಂದದ್ದು. ಕಮ್ಯುನಿಸ್ಟ್ ಗಿಡ, ಲಂಟಾನ ಎರಡೂ ಅಮೆರಿಕ ಖಂಡದವು. ಇವನ್ನು ಗುರುತಿಸಲು ಬಂದರೆ ಅರ್ಧ ಗೊಂದಲ ಕಡಿಮೆ, ಯಾಕೆಂದರೆ ರಸ್ತೆ ಅಂಚಿನಲ್ಲಿ ಮೊದಲು ಕಾಣುವುದೇ ಇವು. ಗೇರು ಮರದ ಮೇಲೆ ನನಗೇನೂ ಸಿಟ್ಟಿಲ್ಲ, ತೋಟದಲ್ಲಿ ಇರಲಿ. ಕಮ್ಯುನಿಸ್ಟ್ ಗಿಡ ಮಾತ್ರ ಕಾಡಿನ ಅಂಚನ್ನೇ ಮುಚ್ಚಿಬಿಡುತ್ತದೆ, ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ದಾರಿ ಮಾಡಿಕೊಡುತ್ತದೆ.

ಯಾವ ಮರ ಆರಿಸಿಕೊಳ್ಳಬೇಕು?

ಐದಾರು ಸಾಕು. ಹೆಚ್ಚು ಬೇಡ. ಬೂರುಗ ಇರಲಿ, ಅದು ಬೋಳಾಗುವುದು, ಹೂ ಬಿಡುವುದು, ಹತ್ತಿ ಹಾರಿಸುವುದು ಎಲ್ಲ ದೂರದಿಂದಲೇ ಗೊತ್ತಾಗುತ್ತದೆ. ನಿತ್ಯಹಸಿರು ಜಾತಿಯ ಲೆಕ್ಕಕ್ಕೆ ಧೂಪ. ಪರಿಮಳಕ್ಕೆ ಸುರಗಿ ಅಥವಾ ರೆಂಜೆ. ಹಣ್ಣಿಗೆ ಪುನರ್ಪುಳಿ. ಅದರಲ್ಲಿ ಸಾಮಾನ್ಯವಾಗಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಹಾಗಾಗಿ ಹೂ ಬಿಟ್ಟರೂ ಹಣ್ಣಾಗದ ಮರ ಕಂಡರೆ ಆಶ್ಚರ್ಯ ಬೇಡ. ಪ್ರಾಣಿ ಪಕ್ಷಿ ನೋಡುವ ಆಸೆ ಇದ್ದರೆ ಅತ್ತಿ ಮರ ಬೇಕೇ ಬೇಕು. ಬೇರೆ ಮರಗಳಲ್ಲಿ ಏನೂ ಇಲ್ಲದಾಗ ಅತ್ತಿ, ಗೋಳಿಯ ಬಳಗದ ಯಾವುದಾದರೂ ಒಂದು ಮರ ಹಣ್ಣು ಬಿಟ್ಟಿರುತ್ತದೆ, ಮಂಗಟ್ಟೆ ಹಕ್ಕಿ, ಕೆಂದಳಿಲು ಎಲ್ಲ ಅಲ್ಲೇ ಸೇರುತ್ತವೆ. ಕೊನೆಗೆ ನಂದಿ ಅಥವಾ ಮತ್ತಿ. ನಂದಿಯ ತೊಗಟೆ ಬಿಳಿ, ನುಣುಪು, ಹಾಳೆ ಹಾಳೆಯಾಗಿ ಸುಲಿಯುತ್ತದೆ. ಮತ್ತಿಯದು ಮೊಸಳೆ ಚರ್ಮದ ಹಾಗೆ ಚೌಕ ಚೌಕವಾಗಿ ಒಡೆದಿರುತ್ತದೆ. ಎಲೆ ಇಲ್ಲದ ಕಾಲದಲ್ಲೂ ಇವೆರಡನ್ನು ತಪ್ಪಿಲ್ಲದೆ ಗುರುತಿಸಬಹುದು.

ಎತ್ತರದ ಮರದ ಕೆಳಗೆ ನಿಂತಾಗ ಕತ್ತು ನೋಯಿಸಿಕೊಳ್ಳಬೇಡಿ. ಬುಡದ ಸುತ್ತ ಏನು ಬಿದ್ದಿದೆ ನೋಡಿ: ಹೂವಿನ ಎಸಳು, ಮೊಗ್ಗು, ಅರ್ಧ ತಿಂದ ಕಾಯಿ, ಹಣ್ಣೆಲೆ, ಬೀಜ. ಬಿದ್ದ ಎಲೆಯನ್ನು ಉಜ್ಜಿ ಮೂಸಿ. ಈಗ ತಾನೇ ಬಿದ್ದ ಎಲೆಯ ತೊಟ್ಟು ಮುರಿದರೆ ಹೆಬ್ಬಲಸಿನಲ್ಲಿ ಬಿಳಿ ಹಾಲು, ಪುನರ್ಪುಳಿಯ ಬಳಗದಲ್ಲಿ ಹಳದಿ ಮೇಣ. ರಾಂಪತ್ರೆಯ ತೊಗಟೆಗೆ ಗಾಯವಾದಲ್ಲಿ ಕೆಂಪು ರಸ ಇಳಿದ ಗುರುತು ಇರುತ್ತದೆ. ಹಾಗಂತ ಕತ್ತಿ ತೆಗೆದು ಕೊಚ್ಚಿ ನೋಡುವುದಲ್ಲ. ಇದೆಲ್ಲ ಆದ ಮೇಲೆ ತಲೆ ಎತ್ತಿ, ಬೈನಾಕ್ಯುಲರ್ ಇದ್ದರೆ ಆಗ ತೆಗೆಯಿರಿ. ಏನು ಹುಡುಕುತ್ತಿದ್ದೀರಿ ಎಂದು ಗೊತ್ತಿದ್ದರೆ ಬೇಗ ಸಿಗುತ್ತದೆ.

ನೆಲ ನೋಡುವಾಗ ಒಂದು ಮೋಸ ಇದೆ. ಬೋಗಿಯ ಬಳಗದ ಹೈಗ ಮರದಲ್ಲಿ ಮುಳ್ಳುಮುಳ್ಳಾದ ಉಂಡೆಗಳು ಗೊಂಚಲಾಗಿ ಕಾಣುತ್ತವೆ. ಎಲ್ಲರೂ ಅದನ್ನೇ ಕಾಯಿ ಅಂದುಕೊಳ್ಳುತ್ತಾರೆ. ಅದು ಕಾಯಿಯಲ್ಲ, ಒಂದು ಸಣ್ಣ ಕೀಟ ಒಳಗೆ ಕೂತು ಮರದಿಂದ ಮಾಡಿಸಿಕೊಂಡ ಗಂಟು. ಆ ಕೀಟದ ವೈಜ್ಞಾನಿಕ ಹೆಸರು ಮ್ಯಾಂಗಲೋರಿಯಾ ಹೋಪಿಯೇ, ನಮ್ಮ ಮಂಗಳೂರಿನ ಹೆಸರೇ. ಹೈಗದ ನಿಜವಾದ ಕಾಯಿಗೆ ಉದ್ದನೆಯ ಎರಡು ರೆಕ್ಕೆ ಇರುತ್ತವೆ.

ತುಳು ತಿಂಗಳ ಲೆಕ್ಕದಲ್ಲಿ ನೋಡಿ

ಶಾಲೆಯಲ್ಲಿ ಕಲಿತ ಆರು ಋತು ಇಲ್ಲಿ ಸರಿಯಾಗಿ ಕೂರುವುದಿಲ್ಲ. ಪಂಚಾಂಗದ ವಸಂತ ಬರುವಾಗ ನಮ್ಮ ಕಾಡಿನ ಚಿಗುರು ಆಗಲೇ ಬಲಿತಿರುತ್ತದೆ. ತುಳು ತಿಂಗಳುಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ ಹೋಗುವುದರಿಂದ, ಮಳೆ ಮತ್ತು ಬೆಳೆಗೆ ಹೊಂದಿಕೊಂಡೇ ಬಂದಿರುವುದರಿಂದ, ಗಿಡಮರ ನೋಡಲು ಅವೇ ಅನುಕೂಲ.

ಶುರು ಮಾಡಲು ಒಳ್ಳೆಯ ಕಾಲ ಪೊನ್ನಿ ಕೊನೆ ಮತ್ತು ಮಾಯಿ, ಅಂದರೆ ಫೆಬ್ರುವರಿಯಿಂದ ಮಾರ್ಚ್ ಮಧ್ಯದವರೆಗೆ. ದಾರಿ ಒಣಗಿರುತ್ತದೆ, ಉಂಬಳ ಇರುವುದಿಲ್ಲ, ಬೆಳಕು ಚೆನ್ನಾಗಿರುತ್ತದೆ. ಕೆಡ್ಡಸ ಬರುವುದೂ ಆಗಲೇ. ಭೂಮಿತಾಯಿ ಮುಟ್ಟಾಗುವ ದಿನಗಳು ಎಂದು ಹಿರಿಯರು ಆಗ ನೆಲ ಅಗೆಯುತ್ತಿರಲಿಲ್ಲ, ಮರ ಕಡಿಯುತ್ತಿರಲಿಲ್ಲ. ಆ ಹೊತ್ತಿಗೆ ಕಾಡಿಗೆ ಹೋಗಿ ನೋಡಿದರೆ ಅವರ ಲೆಕ್ಕ ಎಷ್ಟು ಸರಿ ಎಂದು ಗೊತ್ತಾಗುತ್ತದೆ, ಕಾಡಿಗೆ ಕಾಡೇ ಚಿಗುರುವ ಕೆಲಸದಲ್ಲಿರುತ್ತದೆ. ಘಾಟಿಯ ಕೆಳಗೆ ಸಾಗಡೆ ಮರ ಪೂರ್ತಿ ಕೆಂಪು. ದೂರದಿಂದ ಹೂ ಅನಿಸುತ್ತದೆ, ಅದು ಎಳೆ ಎಲೆ. ನಾಗಸಂಪಿಗೆಯ ಚಿಗುರೂ ಕೆಂಪೇ. ಎಳೆ ಎಲೆಯಲ್ಲಿ ಹಸಿರು ತುಂಬುವ ಮುಂಚೆ ಈ ಕೆಂಪು ಬಣ್ಣ ಬಿಸಿಲಿನಿಂದ ಅದನ್ನು ಕಾಪಾಡುತ್ತದೆ. ನಿತ್ಯಹಸಿರು ಮರಗಳೂ ಎಲೆ ಉದುರಿಸುವುದನ್ನು ಈ ತಿಂಗಳಲ್ಲೇ ನೋಡಬಹುದು. ಹಳೆಯದು ಬೀಳುತ್ತಿರುವಾಗಲೇ ಹೊಸದು ಬರುವುದರಿಂದ ಮರ ಬೋಳಾಗುವುದಿಲ್ಲ ಅಷ್ಟೇ.

ಸುರಗಿ ಹೂ ಸಹ ಇದೇ ಕಾಲದ್ದು. ಎಲೆಗಳ ನಡುವೆ ಹುಡುಕಬೇಡಿ, ಅದು ಕೊಂಬೆಗೇ ಅಂಟಿಕೊಂಡು ಗುಂಪಾಗಿ ಬಿಡುತ್ತದೆ. ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ. ಧೂಪದ ಬಿಳಿ ಹೂವಿಗೆ ಜೇನುನೊಣ ಮುತ್ತಿಕೊಂಡಿರುತ್ತದೆ, ಮರದ ಕೆಳಗೆ ಸುಮ್ನೆ ನಿಂತರೆ ಸದ್ದೇ ಹೇಳುತ್ತದೆ. ಬೂರುಗ ಎಲೆಯಿಲ್ಲದೆ ಕೆಂಪು ಹೂ ಬಿಟ್ಟು, ಮೈನಾ, ಕಾಜಾಣ, ಅಳಿಲು ಎಲ್ಲವನ್ನೂ ಕರೆದಿರುತ್ತದೆ. ಎಲೆ ಇಲ್ಲದಾಗ ಹೂ ದೂರಕ್ಕೆ ಕಾಣುತ್ತದೆ, ಮರಕ್ಕೂ ಒಣ ಕಾಲದಲ್ಲಿ ನೀರು ಉಳಿಯುತ್ತದೆ.

ಸುಗ್ಗಿ, ಪಗ್ಗು (ಮಾರ್ಚ್ ಮಧ್ಯದಿಂದ ಮೇ ಮಧ್ಯ) ಬಂತೆಂದರೆ ಸೆಕೆ. ಬೆಳಿಗ್ಗೆ 6ರಿಂದ 9ರ ಒಳಗೆ ನೋಡಿ ಮುಗಿಸಿ, ಆಮೇಲೆ ಜೀರುಂಡೆಯ ಸದ್ದು ಬಿಟ್ಟರೆ ಬೇರೇನೂ ಸಿಗದು. ಬಿಸು, ಅಂದರೆ ತುಳುವರ ಹೊಸ ವರ್ಷದ ಹೊತ್ತಿಗೆ ಕಕ್ಕೆ ಹಳದಿ ಗೊಂಚಲು ಇಳಿಬಿಡುತ್ತದೆ. ಕೇಪುಳ ಎಲ್ಲ ಕಡೆ. ಬೂರುಗದ ಕಾಯಿ ಒಡೆದು ಹತ್ತಿ ಹಾರುತ್ತದೆ. ಪುನರ್ಪುಳಿ, ಹೆಬ್ಬಲಸು ಹಣ್ಣಾಗುತ್ತವೆ, ನಂದಿ ಬಿಳಿ ಹೂ ಹೊತ್ತುಕೊಳ್ಳುತ್ತದೆ. ಇಷ್ಟು ಬಿಸಿಲಿನಲ್ಲಿ ಯಾಕೆ ಹೂ, ಯಾಕೆ ಹಣ್ಣು ಎಂದು ಕೇಳಿದರೆ ಉತ್ತರ ಜೂನ್‌ನಲ್ಲಿದೆ. ಧೂಪ, ಹಲಸು, ಬೋಗಿ ಇಂಥ ಮರಗಳ ಬೀಜ ಒಣಗಿಸಿಟ್ಟರೆ ಸಾಯುತ್ತದೆ, ಬಿದ್ದ ಕೆಲವೇ ದಿನದಲ್ಲಿ ಒದ್ದೆ ನೆಲ ಸಿಗಬೇಕು. ಹಾಗಾಗಿ ಹೂ ಬೇಸಿಗೆಯಲ್ಲೇ ಮುಗಿದು ಬೀಜ ಮಳೆಯ ಹೊತ್ತಿಗೆ ತಯಾರಿರಬೇಕು. ಮಳೆ ತಡವಾದ ವರ್ಷ ಧೂಪದ ಬುಡದಲ್ಲಿ ಎಷ್ಟು ಬೀಜ ಮೊಳೆತಿದೆ, ಎಷ್ಟು ಸುಮ್ನೆ ಒಣಗಿದೆ ಎಂದು ನೋಡಿ. ಹವಾಮಾನ ಬದಲಾವಣೆಯ ಬಗ್ಗೆ ಭಾಷಣ ಕೇಳುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಬೇಶ ಮತ್ತು ಕಾರ್ತೆಲ್‌ನ ಮೊದಲ ವಾರಗಳೇ (ಮೇ ಮಧ್ಯದಿಂದ ಜೂನ್ ಕೊನೆ), ನನ್ನನ್ನು ಕೇಳಿದರೆ, ಇಡೀ ವರ್ಷದಲ್ಲಿ ಬಿಡಲೇಬಾರದ ಸಮಯ. ಬೇರೆ ಯಾವ ತಿಂಗಳು ತಪ್ಪಿದರೂ ಪರವಾಗಿಲ್ಲ. ಮೇ ಕೊನೆಯ ಒಂದೆರಡು ಮಳೆಗೆ ಸಂಜೆ ಹೊತ್ತು ಮಿಂಚುಹುಳ ಏಳುತ್ತವೆ. ಮರದ ಕೊಂಬೆಗಳಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ ಗುಲಾಬಿ, ಬಿಳಿ ಬಣ್ಣದಲ್ಲಿ ಉದ್ದಕ್ಕೆ ಜೋತು ಬೀಳುತ್ತದೆ. ಅದಕ್ಕೆ ಬೇರು ಊರಲು ಮರ ಬೇಕು ಅಷ್ಟೇ, ಮರದ ರಸವನ್ನು ಅದು ಹೀರುವುದಿಲ್ಲ. ಮುರಕಲ್ಲಿನ ನೆಲದಲ್ಲಿ ಬೋಗಿ, ಧೂಪದ ಜಾತಿಯ ಮರಗಳಿರುವಲ್ಲಿ ಕಲ್ಲಣಬೆ ಏಳುವುದು ಈಗಲೇ. ಆ ಅಣಬೆಗೂ ಮರದ ಬೇರಿಗೂ ಕೊಡುಕೊಳ್ಳುವ ಸಂಬಂಧ ಇದೆ, ಅಣಬೆ ಮಣ್ಣಿನ ಸಾರ ಕೊಡುತ್ತದೆ, ಮರ ಸಕ್ಕರೆ ಕೊಡುತ್ತದೆ. ಕಾರ್ಕಳ, ಹೆಬ್ರಿ ಕಡೆ ಪೇಟೆಯಲ್ಲಿ ಅದರ ರೇಟು ಕೇಳಿದವರಿಗೆ ಆಸೆ ಆಗುವುದು ಸಹಜ. ಆದರೆ ಅಭಯಾರಣ್ಯದ ಒಳಗೆ ಹೆಕ್ಕುವ ಹಾಗಿಲ್ಲ.

ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಕಾಡಿನ ಒಳಗೆ ಹೋಗುವ ಹಠ ಬೇಡ. ಹೊಳೆ ತುಂಬಿರುತ್ತದೆ, ಕೂಡ್ಲು ತೀರ್ಥ ಜಲಪಾತದ ದಾರಿ ಜೋರು ಮಳೆಗೆ ಬಂದ್ ಇರುತ್ತದೆ. ಮರದ ಮೇಲೆ ಬೆಳೆದ ಮರಕೆಸು, ಘಾಟಿಯ ಒದ್ದೆ ಬಂಡೆಯ ಮೇಲಿನ ಗೌರಿ ಹೂ, ಹಳದಿಗೆ ತಿರುಗಿದ ಉಪ್ಪಾಗೆ ಹಣ್ಣು, ತೋಟದ ಅಂಚಿನ ನೆಕ್ಕರಿಕದ ನೇರಳೆ ಹೂ ಇವೆಲ್ಲ ರಸ್ತೆಯಿಂದಲೇ ಸಿಗುತ್ತವೆ. ಪತ್ರೊಡೆಗೆ ಮರಕೆಸು ಬೇಕಾದರೆ ಊರಿನ ಮರದಿಂದ ಕೊಯ್ಯಿರಿ. ಆಟಿ ಅಮಾವಾಸ್ಯೆಯ ದಿನ ಕುಡಿಯುವ ಹಾಲೆ ತೊಗಟೆಯ ಕಷಾಯದ ವಿಷಯದಲ್ಲಿ ಮಾತ್ರ ನೇರವಾಗಿ ಹೇಳುತ್ತೇನೆ. ಮರ ಗುರುತಿಸುವುದರಲ್ಲಿ ಒಂದು ಚೂರು ಅನುಮಾನ ಇದ್ದರೂ ತೊಗಟೆ ಮುಟ್ಟಬೇಡಿ. ಬೆಳಗಿನ ಕತ್ತಲಲ್ಲಿ ಹೋಗುವ ಕ್ರಮ ಇರುವುದರಿಂದ ಹಿಂದಿನ ದಿನವೇ ಹಗಲಲ್ಲಿ ಮರ ನೋಡಿ ಗುರುತು ಮಾಡಿಟ್ಟುಕೊಳ್ಳಿ. ಹಾಲೆ ಎಂದು ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ. ಹಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಸಾಮಾನ್ಯವಾಗಿ ಐದಾರು, ಏಳು ಎಲೆ ಇರುತ್ತವೆ, ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆ ಎದುರುಬದುರು ಜೋಡಿಯಾಗಿ ಇರುತ್ತವೆ, ಹಾಲು ಇಲ್ಲ.

ಸೋಣದಲ್ಲಿ ಕಾಡಿಗಿಂತ ಪದವು ನೋಡುವುದು ಒಳ್ಳೆಯದು. ಮುರಕಲ್ಲಿನ ಬಯಲುಗಳಲ್ಲಿ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೆರಳುದ್ದದ ಗಿಡಗಳು ಒಟ್ಟಿಗೆ ಹೂ ಬಿಡುತ್ತವೆ. ಕೆಲವು ಕಡೆ ನೆಲವೇ ನೀಲಿ. ಆ ನೀಲಿ ಹೂವಿನ ಗಿಡಗಳು ನೆಲದೊಳಗಿನ ಬೇರಿನಂಥ ಎಳೆಗಳಲ್ಲಿರುವ ಸಣ್ಣ ಚೀಲಗಳಲ್ಲಿ ನೀರಿನ ಹುಳಗಳನ್ನು ಹಿಡಿದು ತಿನ್ನುತ್ತವೆ, ಯಾಕೆಂದರೆ ಆ ಕಲ್ಲಿನ ಮೇಲೆ ಗೊಬ್ಬರ ಎಂಬುದೇ ಇಲ್ಲ. ಮೊಣಕಾಲೂರಿ ಕೂತು ನೋಡಬೇಕು. ಎಚ್ಚರ, ಕಾಲಿಟ್ಟಲ್ಲೆಲ್ಲ ಗಿಡವೇ ಇರುತ್ತದೆ. ಇಂಥ ಪದವುಗಳನ್ನು ಖಾಲಿ ಜಾಗ ಎಂದು ಲೇಔಟ್ ಮಾಡುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆಮೇಲಿನ ತಿಂಗಳುಗಳಲ್ಲಿ ಬದಲಾವಣೆ ನಿಧಾನ. ಬೊಂತೆಲ್, ಜಾರ್ದೆಯಲ್ಲಿ (ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮಧ್ಯ) ಹಾಲೆ ಹೂ ಬಿಟ್ಟು ರಾತ್ರಿ ಗಾಢ ವಾಸನೆ. ಪೆರಾರ್ದೆಯಲ್ಲಿ (ಜನವರಿ ಮಧ್ಯದವರೆಗೆ) ಮತ್ತಿ, ನಂದಿ ಎಲೆ ಉದುರಿಸಲು ಶುರು. ಮರಕೆಸು ಮಾಯವಾಗಿ ಅದರ ಸಣ್ಣ ಗೆಡ್ಡೆಗಳು ಕೊಂಬೆಯ ಸಂದಿಯಲ್ಲಿ ಮುಂದಿನ ಮಳೆಗೆ ಕಾಯುತ್ತವೆ.

ಕಾನೂನು, ಉಂಬಳ, ಉಣುಗು

ಅಭಯಾರಣ್ಯದಲ್ಲಿ ರಸ್ತೆ ಬಿಟ್ಟು ಒಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸೋಮೇಶ್ವರ ಬರುವುದು ಕಾರ್ಕಳದಲ್ಲಿ ಕಚೇರಿ ಇರುವ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಚಾರಣ ನಿಲ್ಲಿಸುವುದೂ ಇದೆ, ಕೇಳಿಕೊಂಡೇ ಹೊರಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಳಗಿನ ಗಿಡ, ಹೂ, ಬೀಜ ಯಾವುದನ್ನೂ ತರುವ ಹಾಗಿಲ್ಲ. ಮನೆಗೆ ಧೂಪವೋ ಸುರಗಿಯೋ ಬೇಕಾದರೆ ಇಲಾಖೆಯ ನರ್ಸರಿಯಲ್ಲಿ ಮಳೆಗಾಲದ ಮೊದಲು ವಿಚಾರಿಸಿ.

ಘಾಟಿಯ 14 ತಿರುವುಗಳಲ್ಲಿ ಎಲ್ಲೂ ಗಾಡಿ ನಿಲ್ಲಿಸಿ ಮರ ನೋಡಬೇಡಿ. ಕೆಳಗೆ ಸೋಮೇಶ್ವರದಲ್ಲಿ ಇಳಿದು ನೋಡಿ, ಮತ್ತೆ ಮೇಲೆ ಆಗುಂಬೆಯಲ್ಲಿ. ಕೆಳಗೆ ಬೋಳಾದ ಮರ, ಮೇಲೆ ದಟ್ಟ ಹಸಿರು, ಒಂದೇ ಬೆಳಿಗ್ಗೆ ಎರಡೂ ಸಿಗುತ್ತದೆ. ಮಂಗಗಳಿಗೆ ಬಾಳೆಹಣ್ಣು, ಚಿಪ್ಸ್ ಹಾಕಬೇಡಿ. ಸಿಂಗಳೀಕದಂಥ ಅಪರೂಪದ ಪ್ರಾಣಿ ಇರುವ ಕಾಡು ಇದು, ರಸ್ತೆಗೆ ಬರುವ ಅಭ್ಯಾಸ ಆದರೆ ಅದರ ಗತಿ ಗಾಡಿಯ ಚಕ್ರ.

ಮಳೆಗಾಲದಲ್ಲಿ ಉಂಬಳಕ್ಕೆ ಉದ್ದ ಕಾಲುಚೀಲ, ಸ್ವಲ್ಪ ಉಪ್ಪು ಅಥವಾ ಹೊಗೆಸೊಪ್ಪಿನ ನೀರು ಸಾಕು. ಉಂಬಳದಿಂದ ತುರಿಕೆ ಬಿಟ್ಟರೆ ದೊಡ್ಡ ತೊಂದರೆ ಇಲ್ಲ. ಹೆದರಬೇಕಾದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಅಂದರೆ ನಾನು ಒಳ್ಳೆಯ ಕಾಲ ಎಂದ ತಿಂಗಳುಗಳೇ. ಮೈ ಪೂರ್ತಿ ಮುಚ್ಚುವ ಬಟ್ಟೆ ಹಾಕಿ, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಹಂಚುವ ಡೇಪಾ ಎಣ್ಣೆ ಸಿಕ್ಕರೆ ಹಚ್ಚಿ, ತರಗೆಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ. ಮಳೆ ದಿನಗಳಲ್ಲಿ ತಗ್ಗಿನ ಕೊಂಬೆ ಹಿಡಿಯುವ ಮುಂಚೆ ಎರಡು ಸಲ ನೋಡಿ, ಎಲೆಯದೇ ಬಣ್ಣದ ಮಂಡಲ ಹಾವು ಸುರುಳಿ ಸುತ್ತಿ ಕೂತಿರಬಹುದು.

ಬರೆದಿಡುವುದು

ಫೋಟೋ ಮಾತ್ರ ನಂಬಿದರೆ ಮುಂದಿನ ವರ್ಷ ಯಾವ ಮರ ಯಾವುದು ಎಂದೇ ಗೊತ್ತಾಗುವುದಿಲ್ಲ. ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ತುಳು ತಿಂಗಳು, ಮರ, ಜಾಗ ಬರೆಯಿರಿ. ಆಮೇಲೆ ಚಿಗುರು, ಹಣ್ಣೆಲೆ, ಮೊಗ್ಗು, ಹೂ, ಕಾಯಿ, ಹಣ್ಣು, ಒಂದೊಂದಕ್ಕೂ "ಇಲ್ಲ", "ಸ್ವಲ್ಪ", "ತುಂಬಾ" ಎಂದು ಮೂರರಲ್ಲಿ ಒಂದು. ಮರದಲ್ಲಿ ಯಾವ ಹಕ್ಕಿ, ಯಾವ ಹುಳ ಇತ್ತು ಎಂಬುದಕ್ಕೆ ಒಂದು ಸಾಲು. ಹೂ ಇಲ್ಲದಿದ್ದರೂ "ಇಲ್ಲ" ಎಂದು ಬರೆಯಲೇಬೇಕು, ಅದೂ ಲೆಕ್ಕವೇ. ಮನೆ ಹತ್ತಿರದ ಮರವನ್ನು ವಾರಕ್ಕೊಮ್ಮೆ, ಕಾಡಿನದನ್ನು ಆದಾಗಲೆಲ್ಲ ನೋಡಿದರೆ ಸಾಕು. ಸೀಸನ್‌ವಾಚ್ ಎಂಬ ಯೋಜನೆಗೆ ದೇಶದ ಬೇರೆ ಬೇರೆ ಕಡೆಯ ಜನ ಹೀಗೇ ಮರಗಳ ಲೆಕ್ಕ ಕಳಿಸುತ್ತಾರೆ, ಶಾಲೆಯ ಮಕ್ಕಳೂ ಸೇರಬಹುದು. ಟೀಚರ್‌ಗಳು ದಯವಿಟ್ಟು ಗಮನಿಸಿ, ಪರಿಸರ ದಿನಕ್ಕೆ ಒಂದು ಗಿಡ ನೆಟ್ಟು ಫೋಟೋ ತೆಗೆಯುವುದಕ್ಕಿಂತ ಶಾಲೆಯ ಅಂಗಳದ ಒಂದು ರೆಂಜೆ ಮರವನ್ನು ಮಕ್ಕಳು ವರ್ಷಪೂರ್ತಿ ನೋಡಲಿ.

ಹೆಸರು ಗೊತ್ತಾಗದ ಗಿಡಕ್ಕೆ ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ನಲ್ಲಿ ಚಿತ್ರ ಹಾಕಿ ಕೇಳಬಹುದು. ಹೂ ಒಂದನ್ನೇ ತೆಗೆಯಬೇಡಿ. ಎಲೆಯ ಮೇಲ್ಭಾಗ, ಅಡಿಭಾಗ, ತೊಗಟೆ, ಇಡೀ ಮರ ಎಲ್ಲದರ ಚಿತ್ರ ಇದ್ದರೆ ಹೇಳುವವರಿಗೆ ಸುಲಭ. ಮರದರಿಶಿಣದ ಬಳ್ಳಿ, ಸೀತಾಳೆ, ರಾಂಪತ್ರೆ ಕಂಡರೆ ಚಿತ್ರ ಹಾಕಿ, ಜಾಗ ಹಾಕಬೇಡಿ, ಕಿತ್ತುಕೊಂಡು ಹೋಗುವವರಿಗೆ ದಾರಿ ತೋರಿಸಿದಂತಾಗುತ್ತದೆ. ಫೋನ್ ತಾನಾಗಿಯೇ ಲೊಕೇಶನ್ ಸೇರಿಸುತ್ತದೆ, ವಾಟ್ಸಾಪ್ ಗ್ರೂಪಿಗೂ ಇನ್‌ಸ್ಟಾಗ್ರಾಂಗೂ ಕಳಿಸುವ ಮುಂಚೆ ಅದನ್ನು ತೆಗೆದುಬಿಡಿ. ಕೇಳಿದವರಿಗೆ "ಹೆಬ್ರಿ ತಾಲೂಕು" ಅಂದರೆ ಸಾಕು.